ಕುಂಬಳ ಬೀಜ: ಸುಲಿಯುವವರು ಯಾರು?

2022ರ ಅಕ್ಟೋಬರ್ ಕೊನೆಯ ವಾರ ನಾನು ಅಮೆರಿಕದ ಇಲಿನಾಯ್ ರಾಜ್ಯದಲ್ಲಿರುವ ಮಗಳ ಮನೆಯಲ್ಲಿದ್ದೆ. ಅಲ್ಲಿ ಅದು ಎಲೆ ಉದುರುವ ಕಾಲ. ಆ ದೇಶದಲ್ಲಿ ಅತಿ ಹೆಚ್ಚು ಕುಂಬಳ ಬೆಳೆಯುವ ರಾಜ್ಯವೂ ಅದೇ. ತಿಂಗಳ 31ರಂದು ಬರುವ ಹ್ಯಾಲೊವೀನ್ ಹಬ್ಬಕ್ಕಾಗಿ ಪ್ರತಿ ಮನೆಯ ಮೆಟ್ಟಿಲ ಮೇಲೂ ಕಿತ್ತಳೆ ಬಣ್ಣದ ಕಾಯಿಗಳು ಕುಳಿತಿದ್ದವು. ನನ್ನ ಮೊಮ್ಮಗ ಒಂದು ಕಾಯಿಯ ನೆತ್ತಿಯನ್ನು ಕತ್ತರಿಸಿ, ಒಳಗಿನದನ್ನೆಲ್ಲ ಚಮಚದಿಂದ ಕೆರೆದು ತೆಗೆದು, ಕಣ್ಣು ಬಾಯಿ ಕೊರೆದು ದೀಪವಿಡುವ ಸಂಭ್ರಮದಲ್ಲಿದ್ದ. ಕೆರೆದು ತೆಗೆದ ರಾಶಿಯನ್ನು ಕಸದ ಬುಟ್ಟಿಗೆ ಸುರಿಯಲು ನಾನು ಎತ್ತಿಕೊಂಡಾಗ, ನೋಡಲು ಬಂದಿದ್ದ ಪಕ್ಕದ ಮನೆಯ ವೃದ್ಧೆ ಕೈ ಹಿಡಿದು ತಡೆದರು. ಆಕೆ ಬೀಜಗಳನ್ನು ಬೇರ್ಪಡಿಸಿ ತೊಳೆದು, ಉಪ್ಪು, ಎಣ್ಣೆ ಸವರಿ ಒಲೆಯಲ್ಲಿಟ್ಟರು. ಅರ್ಧ ಗಂಟೆ ಕಳೆಯುವಷ್ಟರಲ್ಲಿ ಬಿಸಿಯಾದ, ಗರಿಗರಿಯಾದ ಬೀಜಗಳು ಬಟ್ಟಲಿನಲ್ಲಿ ನಮ್ಮ ಮುಂದಿದ್ದವು. ಆ ನಾಡಿನಲ್ಲಿ ಇದು ಶರತ್ಕಾಲದ ಮಾಮೂಲಿ ತಿನಿಸಂತೆ.

ಮೊದಲ ಬೀಜವನ್ನು ಹಲ್ಲಿನಿಂದ ಒಡೆದಾಗ ನನಗೆ ನೆನಪಾದದ್ದು ತುಮಕೂರು ಜಿಲ್ಲೆಯ ನಮ್ಮ ಹಳ್ಳಿಮನೆಯ ಜಗಲಿ. 1960ರ ದಶಕದ ಮಾತು. ಮುಂಗಾರಿನಲ್ಲಿ ತಿಪ್ಪೆಯ ಪಕ್ಕ ಬಿದ್ದ ಬೀಜ ಬಳ್ಳಿಯಾಗಿ ಹಬ್ಬಿ, ನವರಾತ್ರಿಯ ವೇಳೆಗೆ ಸಿಹಿಕುಂಬಳದ ಕಾಯಿಗಳು ಬಲಿಯುತ್ತಿದ್ದವು. ಅಟ್ಟ ಸೇರಿದ ಕಾಯಿಗಳು ಸಂಕ್ರಾಂತಿ ಕಳೆದರೂ ಕೆಡುತ್ತಿರಲಿಲ್ಲ. ಹುಳಿಗೆಂದು ಕಾಯಿ ಹೆಚ್ಚಿದ ದಿನ ಅಮ್ಮ ಬೀಜಗಳನ್ನು ಬೂದಿಯಲ್ಲಿ ತಿಕ್ಕಿ, ಲೋಳೆ ಹೋಗುವಂತೆ ತೊಳೆದು, ಮೊರದಲ್ಲಿ ಹರಡಿ ಬಿಸಿಲಿಗಿಡುತ್ತಿದ್ದಳು. ನಾಲ್ಕಾರು ದಿನಗಳ ನಂತರ ಮಧ್ಯಾಹ್ನದ ಕೆಲಸವೆಲ್ಲ ಮುಗಿದ ಮೇಲೆ ಜಗಲಿಯಲ್ಲಿ ಕುಳಿತು ಒಂದೊಂದಾಗಿ ಸುಲಿಯುತ್ತಿದ್ದಳು. ಅವಳು ಒಂದು ಗಂಟೆ ಸುಲಿದದ್ದನ್ನು ನಾವು ಮಕ್ಕಳು ಒಂದೇ ನಿಮಿಷದಲ್ಲಿ ಮುಕ್ಕಿ ಮುಗಿಸುತ್ತಿದ್ದೆವು. ಅವಳು ತಿಂದದ್ದನ್ನು ಕಂಡ ನೆನಪು ನನಗಿಲ್ಲ.

ಈ ಎರಡು ದೃಶ್ಯಗಳ ನಡುವೆ ಸುಮಾರು ಅರವತ್ತು ವರ್ಷಗಳು ಕಳೆದಿವೆ. ಈ ಅವಧಿಯಲ್ಲಿ ನಮ್ಮ ನಗರಗಳ ಮಧ್ಯಮ ವರ್ಗದ ಮನೆಗಳಲ್ಲಿ ಕುಂಬಳ ಬೀಜಕ್ಕೆ ವಿಚಿತ್ರ ಗತಿ ಒದಗಿದೆ. ತರಕಾರಿಯೊಡನೆ ಬರುವ ಬೀಜ ಹಸಿ ಕಸದ ಬುಟ್ಟಿ ಸೇರುತ್ತದೆ. ಅದೇ ಮನೆಗೆ ಅದೇ ವಾರ ಸುಲಿದ ಹಸಿರು ಬೀಜದ ಪೊಟ್ಟಣ ಬರುತ್ತದೆ. ಕಳೆದ ತಿಂಗಳು ನಾನು ಕೊಂಡ 200 ಗ್ರಾಂ ಪೊಟ್ಟಣದ ಬೆಲೆ 160 ರೂಪಾಯಿ. ಎಂದರೆ ಕಿಲೋಗೆ 800 ರೂಪಾಯಿ. ಅದೇ ದಿನ ಬೀದಿಯ ಗಾಡಿಯಲ್ಲಿ ಕುಂಬಳಕಾಯಿ ಕಿಲೋಗೆ 30 ರೂಪಾಯಿಗೆ ಸಿಕ್ಕಿತು. ಒಂದು ಕಾಲದಲ್ಲಿ ಬಡವರ ಆಹಾರವೆಂದು ನಾವೇ ಕೈಬಿಟ್ಟಿದ್ದ ಸಿರಿಧಾನ್ಯಗಳನ್ನು ಇಂದು ಅಕ್ಕಿಗಿಂತ ಹೆಚ್ಚು ಬೆಲೆ ತೆತ್ತು ಮರಳಿ ಕೊಳ್ಳುತ್ತಿರುವುದು ಇದಕ್ಕೆ ಹತ್ತಿರದ ಉದಾಹರಣೆ. ಎಸೆದದ್ದನ್ನೇ ಆರೋಗ್ಯದ ಹೆಸರಿನಲ್ಲಿ ಕೊಂಡು ತರುವ ಈ ವಿಪರ್ಯಾಸವನ್ನು ಟೀಕಿಸುವುದು ಸುಲಭ. ಅದಕ್ಕೆ ಕಾರಣವೇನೆಂದು ಕೇಳಿಕೊಳ್ಳುವುದು ಅಷ್ಟು ಸುಲಭವಲ್ಲ.

ಮೊದಲು ಇತಿಹಾಸವನ್ನು ಸ್ವಲ್ಪ ನೋಡೋಣ. ಸಿಹಿಕುಂಬಳ ನಮ್ಮ ನೆಲದ ಮೂಲ ಬೆಳೆಯಲ್ಲ. ಮೆಣಸಿನಕಾಯಿ, ಕಡಲೆಕಾಯಿಗಳಂತೆ ಅದೂ ಅಮೆರಿಕ ಖಂಡದಿಂದ ಬಂದದ್ದು. ಮಲೆನಾಡು, ಕರಾವಳಿಯ ಹಲವು ಮನೆಗಳಲ್ಲಿ ಅದನ್ನು ಈಗಲೂ ಚೀನಿಕಾಯಿ ಎನ್ನುತ್ತಾರೆ. ಹೊರಗಿನಿಂದ ಬಂದದ್ದೆಂಬ ನೆನಪನ್ನು ಆ ಹೆಸರೇ ಉಳಿಸಿಕೊಂಡಿದೆ. ಮೆಕ್ಸಿಕೋದ ಒವಾಹಾಕ ಪ್ರದೇಶದ ಗುಹೆಯೊಂದರಲ್ಲಿ ದೊರೆತ, ಮನುಷ್ಯರು ಬೆಳೆಸಿದ ಕುಂಬಳ ಜಾತಿಯ ಬೀಜಗಳು ಸುಮಾರು 10,000 ವರ್ಷ ಹಳೆಯವೆಂದು 1997ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆ ಖಂಡದಲ್ಲಿ ಮೆಕ್ಕೆಜೋಳಕ್ಕಿಂತ ಮೊದಲೇ ಪಳಗಿದ ಬೆಳೆ ಇದು. ಕಾಡು ಕುಂಬಳದ ತಿರುಳು ಬಾಯಿಗಿಡಲಾಗದಷ್ಟು ಕಹಿ. ಆದ್ದರಿಂದ ಆದಿಮಾನವರು ಅದನ್ನು ಮೊದಲು ಬೆಳೆಸಿದ್ದು ಬೀಜಕ್ಕಾಗಿಯೇ ಇರಬೇಕೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಮೆಕ್ಸಿಕೋದ ಅಡುಗೆಯಲ್ಲಿ ಇಂದಿಗೂ ಈ ಬೀಜವನ್ನು ಹುರಿದು ತಿನ್ನುತ್ತಾರೆ, ಅರೆದು ಸಾರಿಗೆ ಹಾಕುತ್ತಾರೆ. ನಾವು ಎಸೆಯುತ್ತಿರುವ ಭಾಗವೇ ಒಂದು ಕಾಲದಲ್ಲಿ ಮುಖ್ಯ ಫಸಲಾಗಿತ್ತೆಂಬುದು ಗಮನಿಸಬೇಕಾದ ಸಂಗತಿ.

ಇನ್ನು ಕಾರಣದ ವಿಚಾರ. ಅಮೆರಿಕದಿಂದ ಮರಳಿದ ಮೇಲೆ ಉತ್ಸಾಹದಿಂದ ನಾನು ನನ್ನ ಪತ್ನಿಯೆದುರು ಈ ವಿಷಯ ಪ್ರಸ್ತಾಪಿಸಿದೆ. ಮನೆಯಲ್ಲೇ ದೊರೆಯುವ ಪೌಷ್ಟಿಕ ವಸ್ತುವನ್ನು ಎಸೆದು ಹಣ ಕೊಟ್ಟು ತರುವುದು ತಪ್ಪಲ್ಲವೇ ಎಂದು ಕೇಳಿದೆ. ಆಕೆ ಕೈಯಲ್ಲಿದ್ದ ಕೆಲಸ ನಿಲ್ಲಿಸದೆಯೇ ಹೇಳಿದಳು: “ಎಲ್ಲಾ ಸರಿ ರೀ, ಸುಲಿಯೋರು ಯಾರು?” ಮೂವತ್ತನಾಲ್ಕು ವರ್ಷಗಳ ಸರ್ಕಾರಿ ಸೇವೆಯಲ್ಲಿ ನಾನು ಬರೆದ ಟಿಪ್ಪಣಿಗಳಿಗೆ ಮೇಲಧಿಕಾರಿಗಳಿಂದ ಅನೇಕ ಆಕ್ಷೇಪಣೆಗಳು ಬಂದಿವೆ. ಅವುಗಳಲ್ಲಿ ಯಾವುದೂ ಇಷ್ಟು ಚಿಕ್ಕದಾಗಿರಲಿಲ್ಲ, ಇಷ್ಟು ಸರಿಯಾಗಿಯೂ ಇರಲಿಲ್ಲ.

ಉತ್ತರ ಕಂಡುಕೊಳ್ಳಲು ನಾನೇ ಸುಲಿದು ನೋಡಿದೆ. ಮೂರು ಕಿಲೋ ತೂಕದ ಕಾಯಿಯಿಂದ ತೆಗೆದ ಬೀಜ ಒಣಗಿದ ನಂತರ ಅಡುಗೆಮನೆಯ ತಕ್ಕಡಿಯಲ್ಲಿ 60 ಗ್ರಾಂ ತೂಗಿತು. ಸುಲಿಯಲು ನನಗೆ 50 ನಿಮಿಷ ಹಿಡಿಯಿತು. ಕೊನೆಗೆ ಉಳಿದ ತಿರುಳು 42 ಗ್ರಾಂ. ಅಂಗಡಿಯ ದರದಲ್ಲಿ ಅದರ ಬೆಲೆ ಸುಮಾರು 34 ರೂಪಾಯಿ. ಎಂದರೆ ನನ್ನ ಒಂದು ಗಂಟೆಯ ದುಡಿಮೆಗೆ ಬಂದ ಪ್ರತಿಫಲ 40 ರೂಪಾಯಿ. ಎಂಟು ಗಂಟೆ ಬೆನ್ನು ಬಗ್ಗಿಸಿ ಸುಲಿದರೂ 320 ರೂಪಾಯಿ ದಾಟುವುದಿಲ್ಲ. ಬೆಂಗಳೂರಿನಲ್ಲಿ ಗಾರೆ ಕೆಲಸದವರು ಪಡೆಯುವ ದಿನಗೂಲಿಯ ಅರ್ಧವೂ ಅದಾಗದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇದರ ಅರ್ಥ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಪೊಟ್ಟಣಕ್ಕೆ ನಾವು ಕೊಡುವ ಬೆಲೆಯಲ್ಲಿ ಬಹುಭಾಗ ಬೀಜದ ಬೆಲೆಯಲ್ಲ, ಸುಲಿಯುವ ಶ್ರಮವನ್ನು ತಪ್ಪಿಸಿಕೊಳ್ಳಲು ಕೊಡುವ ಬೆಲೆ. ಬುಟ್ಟಿಗೆ ಎಸೆಯುವ ಗೃಹಿಣಿ ದುಂದುಗಾರಳೂ ಅಲ್ಲ, ಅಜ್ಞಾನಿಯೂ ಅಲ್ಲ. ತನ್ನ ಸಮಯದ ಬೆಲೆಯನ್ನು ನನಗಿಂತ ಚೆನ್ನಾಗಿ ಬಲ್ಲವಳು.

ಈ ಶ್ರಮದ ಪ್ರಶ್ನೆಗೆ ಜಗತ್ತು ಬೇರೆ ಬೇರೆ ಉತ್ತರ ಕಂಡುಕೊಂಡಿದೆ. ಆಸ್ಟ್ರಿಯಾದ ಸ್ಟೈರಿಯಾ ಪ್ರಾಂತದಲ್ಲಿ 19ನೇ ಶತಮಾನದ ಕೊನೆಯ ಭಾಗದಲ್ಲಿ ಗಟ್ಟಿ ಸಿಪ್ಪೆಯೇ ಇಲ್ಲದ ಬೀಜವುಳ್ಳ ಕುಂಬಳ ತಾನಾಗಿ ಕಾಣಿಸಿಕೊಂಡಿತು. ಅಲ್ಲಿನ ರೈತರು ಆ ತಳಿಯನ್ನು ಉಳಿಸಿ ಬೆಳೆಸಿದರು. ಅದರ ಬೀಜವನ್ನು ಹುರಿದು ತೆಗೆದ ಕಡುಹಸಿರು ಎಣ್ಣೆಗೆ 1996ರಲ್ಲಿ ಐರೋಪ್ಯ ಒಕ್ಕೂಟದ ಭೌಗೋಳಿಕ ಮಾನ್ಯತೆಯೂ ದೊರೆಯಿತು. ಬೀಜದ ದೊಡ್ಡ ರಫ್ತುದಾರನಾದ ಚೀನಾ ಯಂತ್ರಗಳಿಂದ ಸುಲಿಸುತ್ತದೆ. ನಮ್ಮ ಅಂಗಡಿಗಳ ಪೊಟ್ಟಣದಲ್ಲಿರುವ ಹಸಿರು ಬೀಜ ಇವೆರಡರಲ್ಲಿ ಒಂದು ದಾರಿಯಿಂದ ಬಂದದ್ದು: ಸಿಪ್ಪೆಯಿಲ್ಲದ ತಳಿಯದು, ಇಲ್ಲವೇ ಯಂತ್ರ ಸುಲಿದದ್ದು. ನಾವು ಕಂಡುಕೊಂಡಿದ್ದ ಉತ್ತರವಾದರೂ ಯಾವುದು? ಮನೆಯ ಹೆಂಗಸರ ಮಧ್ಯಾಹ್ನ. ಅದಕ್ಕೆ ಬೆಲೆಯಿರಲಿಲ್ಲ, ಆದ್ದರಿಂದ ಬೀಜ ಪುಕ್ಕಟೆಯೆಂದು ನಾವು ನಂಬಿದ್ದೆವು.

ಕೇಂಬ್ರಿಜ್‌ನ ಅರ್ಥಶಾಸ್ತ್ರಜ್ಞ ಪಿಗು 1920ರ ತಮ್ಮ ಗ್ರಂಥದಲ್ಲಿ ಎತ್ತಿದ ಪ್ರಶ್ನೆಯೊಂದನ್ನು ನಮ್ಮ ಮೇಷ್ಟರು ಎಂ.ಎ. ತರಗತಿಯಲ್ಲಿ ನಗುತ್ತಾ ವಿವರಿಸುತ್ತಿದ್ದರು. ಸಂಬಳಕ್ಕೆ ಮನೆಗೆಲಸ ಮಾಡುವಾಕೆಯನ್ನು ಯಜಮಾನ ಮದುವೆಯಾದರೆ ರಾಷ್ಟ್ರೀಯ ಆದಾಯ ಕಡಿಮೆಯಾಗುತ್ತದೆ. ಕೆಲಸ ಮಾತ್ರ ಅಷ್ಟೇ ಇರುತ್ತದೆ. ಆಗ ನಾವೂ ನಕ್ಕಿದ್ದೆವು. ನಮ್ಮ ದೇಶದ 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ವೇತನರಹಿತ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕಾಗಿ ವ್ಯಯಿಸುತ್ತಿದ್ದರು. ಪುರುಷರು 97 ನಿಮಿಷ. ಪುರುಷರಲ್ಲಿ ಹೀಗೆ ತೊಡಗಿದವರ ಸಂಖ್ಯೆಯೇ ಬಹಳ ಕಡಿಮೆಯೆಂಬುದನ್ನು ಇಲ್ಲಿ ಮರೆಯಬಾರದು. ಈ ಹಿನ್ನೆಲೆಯಲ್ಲಿ ‘ಅಜ್ಜಿಯರ ಕಾಲದ ಆಹಾರಕ್ಕೆ ಮರಳೋಣ’ ಎಂಬ ಕರೆಯನ್ನು ಕೇಳಿದಾಗ ನನಗೀಗ ಅಳುಕಾಗುತ್ತದೆ. ಆ ಆಹಾರಕ್ಕೆ ಮರಳಬಹುದು. ಅದರ ಬಿಲ್ಲನ್ನು ಮತ್ತೆ ಅಜ್ಜಿಯರ ಮೊಮ್ಮಕ್ಕಳಲ್ಲಿ ಹೆಣ್ಣುಮಕ್ಕಳಿಗೇ ಕಳುಹಿಸುವುದು ನ್ಯಾಯವಲ್ಲ.

ಹಾಗಾದರೆ ಬೀಜವನ್ನು ಬುಟ್ಟಿಗೇ ಎಸೆಯಬೇಕೆ? ಬೇಕಾಗಿಲ್ಲ. ಉತ್ತರ ನಮ್ಮ ನಗರದಲ್ಲಿಯೇ ಇದೆ. ಬಸವನಗುಡಿಯಲ್ಲಿ ಕಾರ್ತಿಕ ಮಾಸದ ಕೊನೆಯ ಸೋಮವಾರ ನಡೆಯುವ ಕಡಲೆಕಾಯಿ ಪರಿಷೆಯನ್ನು ನೆನಪಿಸಿಕೊಳ್ಳಿ. ಕಡಲೆಕಾಯಿಗೂ ಸಿಪ್ಪೆಯಿದೆ, ಅದನ್ನು ಸುಲಿಯುವವರು ಯಾರೆಂದು ಅಲ್ಲಿ ಯಾರೂ ಕೇಳುವುದಿಲ್ಲ. ತಿನ್ನುವವರೇ ಸುಲಿದುಕೊಳ್ಳುತ್ತಾರೆ. ಸುಲಿಯುವುದು ಅಲ್ಲಿ ಕೆಲಸವಲ್ಲ, ತಿನ್ನುವ ಸುಖದ ಭಾಗ. ಮಾತಿನ ನಡುವೆ ಬೆರಳುಗಳು ತಮ್ಮಷ್ಟಕ್ಕೆ ತಾವು ದುಡಿಯುತ್ತಿರುತ್ತವೆ. ಕುಂಬಳ ಬೀಜವನ್ನು ಸಿಪ್ಪೆಯೊಡನೆಯೇ ಹುರಿದು ಬಟ್ಟಲಿಗೆ ಹಾಕಿ ಮುಂದಿಟ್ಟರೆ ಅದೂ ಕಡಲೆಕಾಯಿಯ ದಾರಿಯನ್ನೇ ಹಿಡಿಯುತ್ತದೆ. ಅವರವರ ಬೀಜವನ್ನು ಅವರವರೇ ಸುಲಿದುಕೊಳ್ಳಲಿ. ಎಳಸಾದ, ತೆಳು ಸಿಪ್ಪೆಯ ಬೀಜವಾದರೆ ಸಿಪ್ಪೆಸಮೇತ ಅಗಿದು ತಿನ್ನಲೂ ಅಡ್ಡಿಯಿಲ್ಲ. ಇಲಿನಾಯ್‌ನ ಆ ವೃದ್ಧೆ ಮಾಡಿದ್ದೂ ಅದನ್ನೇ. ಆಕೆ ಹುರಿದರು, ನಾವೆಲ್ಲ ನಮ್ಮ ನಮ್ಮ ಪಾಲನ್ನು ಒಡೆದುಕೊಂಡೆವು.

ಹುರಿಯುವ ಕೆಲಸ ಗಂಡಸರಿಗೂ ಸಾಧ್ಯವೆಂದು ಸ್ವಾನುಭವದಿಂದ ಹೇಳಬಲ್ಲೆ. ಬೀಜವನ್ನು ನೀರಿನ ಪಾತ್ರೆಯಲ್ಲಿ ಹಾಕಿ ಕಿವುಚಿದರೆ ನಾರು ಸುಲಭವಾಗಿ ಬಿಡುತ್ತದೆ. ನಂತರ ಉಪ್ಪು ನೀರಿನಲ್ಲಿ ಹತ್ತು ನಿಮಿಷ ಕುದಿಸಬೇಕು. ಹಾಗೆ ಮಾಡಿದರೆ ಉಪ್ಪು ಒಳಗೂ ಇಳಿದು ಸಿಪ್ಪೆ ಮೆತ್ತಗಾಗುತ್ತದೆ. ನೀರು ಬಸಿದು, ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಒಣಗಿಸಬೇಕು. ಅಕ್ಟೋಬರಿನಲ್ಲಿ ಹಿಂಗಾರು ಮಳೆಯ ಕಾಟವಿದ್ದರೆ ಫ್ಯಾನಿನ ಗಾಳಿಯೂ ಆಗುತ್ತದೆ. ದಪ್ಪ ತಳದ ಬಾಣಲೆಯಲ್ಲಿ ಒಂದು ಚಮಚ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಬೇಕು. ಬೀಜಗಳು ಚಟಪಟ ಸದ್ದು ಮಾಡಿ ಹೊಂಬಣ್ಣಕ್ಕೆ ತಿರುಗಿದಾಗ ಇಳಿಸಿ, ಕಾಳುಮೆಣಸಿನ ಪುಡಿ, ಚಿಟಿಕೆ ಇಂಗು, ಹುರಿದ ಕರಿಬೇವು ಬೆರೆಸಿದರೆ ಸಂಜೆಯ ಕಾಫಿಗೆ ಜೊತೆ ಸಿದ್ಧ. ಉರಿ ಜೋರಾದರೆ ಹೊರಗೆ ಕಪ್ಪಾಗಿ ಒಳಗೆ ಹಸಿ ಉಳಿಯುತ್ತದೆ. ನನ್ನ ಮೊದಲ ಎರಡು ಪ್ರಯತ್ನಗಳು ಹಾಗೆಯೇ ಹಾಳಾದವು. ಎಣ್ಣೆಯಂಶ ಹೆಚ್ಚಿರುವುದರಿಂದ ಬೀಜ ಬೇಗ ಮುಗ್ಗಲು ವಾಸನೆಗೆ ತಿರುಗುತ್ತದೆ. ಗಾಳಿಯಾಡದ ಡಬ್ಬಿಯಲ್ಲಿಟ್ಟು ಎರಡು ವಾರಗಳಲ್ಲಿ ಮುಗಿಸುವುದು ಒಳ್ಳೆಯದು.

ಇದರ ಪೌಷ್ಟಿಕತೆಯ ಬಗ್ಗೆ ಈಗ ಉತ್ಪ್ರೇಕ್ಷೆಗಳು ಬಹಳ. ಒಣಗಿದ 100 ಗ್ರಾಂ ತಿರುಳಿನಲ್ಲಿ ಸುಮಾರು 30 ಗ್ರಾಂ ಪ್ರೋಟೀನ್, 49 ಗ್ರಾಂ ಕೊಬ್ಬು, 590 ಮಿಲಿಗ್ರಾಂ ಮೆಗ್ನೀಷಿಯಂ, 7ರಿಂದ 8 ಮಿಲಿಗ್ರಾಂ ಸತು, 9 ಮಿಲಿಗ್ರಾಂ ಸಮೀಪ ಕಬ್ಬಿಣವಿದೆ. ಸಿಪ್ಪೆಸಮೇತ ತಿಂದರೆ ನಾರಿನಂಶವೂ ಹೆಚ್ಚು ದೊರೆಯುತ್ತದೆ. ಬೇಳೆಯನ್ನೇ ಮುಖ್ಯವಾಗಿ ನೆಚ್ಚಿಕೊಂಡ ಸಸ್ಯಾಹಾರಿಗಳಿಗೆ ಇದು ಉಪಯುಕ್ತ ಸೇರ್ಪಡೆ. ಆದರೆ ಅದೇ 100 ಗ್ರಾಂನಲ್ಲಿ 560 ಕ್ಯಾಲೊರಿ ಶಕ್ತಿಯೂ ಇದೆಯೆಂಬುದನ್ನು ಪೊಟ್ಟಣದ ಮುಂಭಾಗ ಹೇಳುವುದಿಲ್ಲ. ದಿನಕ್ಕೆ ಒಂದು ಸಣ್ಣ ಹಿಡಿ, ಎಂದರೆ 25–30 ಗ್ರಾಂ ಸಾಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ 57 ಶೇಕಡ ಮಂದಿ ರಕ್ತಹೀನತೆಯಿಂದ ಬಳಲುತ್ತಿದ್ದುದು ಕಂಡುಬಂದಿತ್ತು. ಅಂಥ ಸಮಸ್ಯೆಗೆ ಕುಂಬಳ ಬೀಜವೇ ಮದ್ದೆನ್ನುವುದು ಹೊಣೆಗೇಡಿತನ. ಬೀಜದಲ್ಲಿರುವ ಫೈಟೇಟ್ ಅಂಶ ಕಬ್ಬಿಣವನ್ನು ದೇಹ ಪೂರ್ತಿ ಹೀರಿಕೊಳ್ಳದಂತೆ ತಡೆಯುತ್ತದೆ. ಜೊತೆಗೆ ನಿಂಬೆ ಅಥವಾ ನೆಲ್ಲಿಕಾಯಿಯಂಥ ಹುಳಿಯಿದ್ದರೆ ತುಸು ಅನುಕೂಲ. ಇದು ಒಳ್ಳೆಯ ತಿನಿಸು, ಔಷಧವಲ್ಲ.

ಕೆಲವು ಎಚ್ಚರಿಕೆಗಳೂ ಅಗತ್ಯ. ಕಾಯಿಯಾಗಲಿ ಬೀಜವಾಗಲಿ ಕಹಿಯಾಗಿದ್ದರೆ ಬಾಯಿಂದ ಉಗಿದು ಎಲ್ಲವನ್ನೂ ಎಸೆಯಬೇಕು. ಕಹಿ ಸೋರೆಕಾಯಿಯಲ್ಲಿರುವ ವಿಷಕಾರಿ ಅಂಶವೇ ಇಲ್ಲಿಯೂ ಇರುತ್ತದೆ. ಬಿತ್ತನೆಗೆಂದು ಮಾರುವ ಬೀಜಕ್ಕೆ ಶಿಲೀಂಧ್ರನಾಶಕ ಲೇಪಿಸಿರುತ್ತಾರೆ. ಅದನ್ನು ಎಂದಿಗೂ ತಿನ್ನಬಾರದು. ರಕ್ತದೊತ್ತಡ ಇರುವವರು ಉಪ್ಪು ಮಿತಿಯಲ್ಲಿಡಬೇಕು. ಮೂತ್ರಪಿಂಡದ ತೊಂದರೆಯಿರುವವರು ವೈದ್ಯರನ್ನು ಕೇಳಿ ತಿನ್ನಬೇಕು. ಚಿಕ್ಕ ಮಕ್ಕಳಿಗೆ ಇಡೀ ಬೀಜ ಕೊಡಬಾರದು. ನನ್ನ ವಯಸ್ಸಿನವರು ತಮ್ಮ ಹಲ್ಲುಗಳನ್ನೂ ಒಂದು ಮಾತು ಕೇಳುವುದು ಲೇಸು.

ಇಷ್ಟಾದ ಮೇಲೆ ಮಾಜಿ ಅಧಿಕಾರಿಯೊಬ್ಬ ಸರ್ಕಾರಕ್ಕೆ ಏನಾದರೂ ಸಲಹೆ ಕೊಡದೆ ಇರಲಾರ ಎಂದು ಓದುಗರು ನಿರೀಕ್ಷಿಸಬಹುದು. ಸೇವೆಯಲ್ಲಿದ್ದಾಗಿನ ನಾನಾಗಿದ್ದರೆ ಶಾಲೆಗಳ ಬಿಸಿಯೂಟದ ಅಡುಗೆಮನೆಗಳಲ್ಲಿ ಕುಂಬಳ ಬೀಜ ಸಂಗ್ರಹಿಸಿ, ಒಣಗಿಸಿ, ಮಕ್ಕಳಿಗೆ ಹಂಚತಕ್ಕದ್ದೆಂದು ಸುತ್ತೋಲೆ ಸಿದ್ಧಪಡಿಸುತ್ತಿದ್ದೆ. ಕಾಗದದ ಮೇಲೆ ಅದು ಸುಂದರವಾಗಿಯೇ ಕಾಣುತ್ತಿತ್ತು. ಆದರೆ ಅದರ ಭಾರ ಬೀಳುವುದು ಅತ್ಯಲ್ಪ ಗೌರವಧನಕ್ಕೆ ನೂರಾರು ಮಕ್ಕಳಿಗೆ ಅಡುಗೆ ಮಾಡುವ ಹೆಣ್ಣುಮಕ್ಕಳ ಮೇಲೆ. ಸುಲಿಯುವವರು ಯಾರೆಂಬ ಪ್ರಶ್ನೆಗೆ ಉತ್ತರವಿಲ್ಲದ ಸುತ್ತೋಲೆ ಹೊರಡದಿರುವುದೇ ಮೇಲು. ಕುಂಬಳವನ್ನು ಮೂಟೆಗಟ್ಟಲೆ ಹೆಚ್ಚುವ ಹೋಟೆಲು, ಕಲ್ಯಾಣಮಂಟಪ, ಕಾರ್ಖಾನೆಗಳ ಕ್ಯಾಂಟೀನುಗಳ ಮಾತು ಬೇರೆ. ಅಲ್ಲಿ ಒಂದೇ ಕಡೆ ಒಂದೇ ದಿನ ಕಿಲೋಗಟ್ಟಲೆ ಬೀಜ ಸಿಗುತ್ತದೆ. ಸಣ್ಣ ಯಂತ್ರವಿಟ್ಟು ಕೂಲಿ ಕೊಟ್ಟು ಸಂಸ್ಕರಿಸಲು ಅವಕಾಶವಿದೆ. ಆ ಕೆಲಸಕ್ಕೆ ಬೆಲೆ ಕಟ್ಟಿ ಮಾಡಿಸುವುದಾದರೆ ಅದು ನಿಜವಾದ ಉದ್ಯಮವಾದೀತು.

ಉಳಿದದ್ದು ನಮ್ಮ ನಮ್ಮ ಮನೆಗಳಿಗೆ ಬಿಟ್ಟ ವಿಷಯ. ಆಯುಧಪೂಜೆಯ ಮರುದಿನ ನಮ್ಮ ರಸ್ತೆಗಳಲ್ಲಿ ಒಡೆದು ಬಿದ್ದಿರುವ ಬೂದುಗುಂಬಳದ ಹೋಳುಗಳು, ಅವುಗಳ ಮೇಲೆ ಜಾರಿ ಬೀಳುವ ದ್ವಿಚಕ್ರ ಸವಾರರು, ಬೆಳಗಿನ ಜಾವವೇ ಅವನ್ನು ಗುಡಿಸಲು ಬರುವ ಪೌರಕಾರ್ಮಿಕರು — ಇದೂ ಅದೇ ಕಥೆಯ ಇನ್ನೊಂದು ಅಧ್ಯಾಯ. ಬೂದುಗುಂಬಳ ಸಿಹಿಕುಂಬಳಕ್ಕಿಂತ ಬೇರೆಯದೇ ಸಸ್ಯ, ನಿಜ. ಆದರೆ ಒಡೆಯುವುದು ನಮ್ಮ ಪಾಲಿಗೆ, ಬಳಿಯುವುದು ಇನ್ನೊಬ್ಬರ ಪಾಲಿಗೆ ಎಂಬ ವಿಭಜನೆ ಎರಡು ಕಡೆಯೂ ಒಂದೇ. ಹಬ್ಬವನ್ನಾಗಲಿ, ತಿನಿಸನ್ನಾಗಲಿ ಬಿಡಬೇಕಾಗಿಲ್ಲ. ಅದರ ಶ್ರಮದಲ್ಲಿ ನಮ್ಮ ಪಾಲನ್ನು ನಾವು ಹೊರಬೇಕು, ಅಷ್ಟೇ.

ಈಗ ನಮ್ಮ ಮನೆಯಲ್ಲಿ ಕುಂಬಳಕಾಯಿ ಹೆಚ್ಚಿದ ದಿನ ಬೀಜ ತೊಳೆಯುವುದೂ ಹುರಿಯುವುದೂ ನನ್ನ ಕೆಲಸ. ಸಂಜೆ ಬಟ್ಟಲನ್ನು ನಡುವಿಟ್ಟು ಇಬ್ಬರೂ ಕುಳಿತು ಒಡೆದು ತಿನ್ನುತ್ತೇವೆ. ಮಾತು ಎಲ್ಲೆಲ್ಲಿಗೋ ಹೋಗುತ್ತದೆ. ಬಟ್ಟಲು ಬೇಗ ಬರಿದಾಗುವುದಿಲ್ಲ. ಎಷ್ಟೋ ವರ್ಷಗಳ ಹಿಂದೆ ಜಗಲಿಯ ಮೇಲೆ ಕುಳಿತಿದ್ದ ಒಬ್ಬಾಕೆಯ ಮುಂದೆ ನಾವು ಮಕ್ಕಳು ಹೀಗೆ ಕುಳಿತು ನಮ್ಮ ಬೀಜವನ್ನು ನಾವೇ ಸುಲಿದುಕೊಂಡಿದ್ದರೆ, ಅವಳಿಗೂ ಒಂದು ಹಿಡಿ ಉಳಿಯುತ್ತಿತ್ತು.